ಆಯಿಲ್ ಆಯ್ತು

ಆ ಕಾರು ಶೆಡ್ಡಿಗೆ ಬಂದ ಮಧ್ಯಾಹ್ನ ಬಿಸಿಲು ಎಷ್ಟಿತ್ತೆಂದರೆ, ತಗಡಿನ ಮಾಡು ತನ್ನಷ್ಟಕ್ಕೆ ತಾನು ಟಕ್ ಟಕ್ ಎಂದು ಮಾತಾಡಿಕೊಳ್ಳುತ್ತಿತ್ತು. ಅಲ್ಲಿ ಮಾತಾಡುತ್ತಿದ್ದುದು ಅದೊಂದೇ.

ಶೆಡ್ಡಿನೊಳಗೆ ಇಬ್ಬರಿದ್ದರು, ಮಾವ ಮತ್ತು ಅಳಿಯ. ವಾಹನಗಳ ಏಸಿ ರಿಪೇರಿ ಅವರ ಕಸುಬು. ಮಾವ ಬೆಂಚಿನ ಮುಂದೆ ಕೂತು ಒಂದು ಫ್ಯಾನಿನ ಮೋಟಾರು ಬಿಚ್ಚುತ್ತಿದ್ದರು. ಅಳಿಯ ನೆಲದ ಮೇಲೆ ಕಾಲು ಚಾಚಿ ಪೈಪಿನ ತುದಿ ಉಜ್ಜುತ್ತಿದ್ದ. ಮಾವನಿಗೆ ಸಣ್ಣ ಸ್ಪ್ಯಾನರ್ ಬೇಕಾಯಿತು. ಅವರು ಕೇಳಲಿಲ್ಲ, ತಲೆ ಎತ್ತಲೂ ಇಲ್ಲ. ಅಳಿಯ ಎದ್ದು ಅದನ್ನು ಅವರ ಬಲಗೈ ಪಕ್ಕಕ್ಕಿಟ್ಟು ಮತ್ತೆ ಬಂದು ಕೂತ. ಹೀಗೆ ನಡೆಯುತ್ತಿತ್ತು ಅವರ ಸಂಸಾರ.

ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಒಂದು ದಿನ ರಾಜಿಯೂ ಆಗುತ್ತಿತ್ತು. ಎರಡು ಬೇಸಿಗೆಯ ಹಿಂದೆ ಬಂದ ಜ್ವರವೊಂದು ಅವಳನ್ನು ಕರೆದುಕೊಂಡು ಹೋಗಿತ್ತು. ಮಾವನಿಗೆ ಒಬ್ಬಳೇ ಮಗಳು, ಅಳಿಯನಿಗೆ ಹೆಂಡತಿ. ಅದಾದ ಮೇಲೆ ಇಬ್ಬರಿಗೂ ಒಂದು ವಿಷಯ ಗೊತ್ತಾಯಿತು. ಮಾತಿನ ದಾರಿಗಳೆಲ್ಲ ಸುತ್ತಿ ಬಳಸಿ ಅವಳ ಹತ್ತಿರವೇ ಹೋಗಿ ನಿಲ್ಲುತ್ತವೆ. ಉಪ್ಪು ಎಲ್ಲಿದೆ ಎಂದು ಕೇಳಿದರೆ ಅವಳು ಇಟ್ಟ ಡಬ್ಬಿ. ಮಳೆ ಬರಬಹುದೇ ಎಂದರೆ ಅವಳು ಬಟ್ಟೆ ಒಣಹಾಕುತ್ತಿದ್ದ ಹಗ್ಗ. ಹಾಗಾಗಿ ಒಂದೊಂದೇ ದಾರಿ ಬಿಟ್ಟರು. ಕೊನೆಗೆ ಉಳಿದದ್ದು ಕೆಮ್ಮು, ‘ಹ್ಞೂಂ’, ಮತ್ತು ತಟ್ಟೆ ಮುಂದಿಟ್ಟಾಗ ಆಗುವ ಸಣ್ಣ ಸದ್ದು.

ಕಾರು ಒಳಗೆ ಬಂದು ನಿಂತಿತು. ಉದ್ದ ಮೂತಿಯ, ತಿಳಿಹಸಿರು ಬಣ್ಣದ, ಬಾಗಿಲಿನ ಅಂಚಿಗೆ ಬೆಳ್ಳಿ ಪಟ್ಟಿಯಿದ್ದ ಹಳೇ ಕಾರು. ಇಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅದರಿಂದ ಇಳಿದವರು ಹಲ್ಲಿನ ಡಾಕ್ಟರಮ್ಮ. ಕೆಲಸದಿಂದ ನಿವೃತ್ತರಾಗಿ ಸಾಕಷ್ಟು ಕಾಲವಾಗಿತ್ತು, ಆದರೂ ಎದುರಿಗಿದ್ದವರ ಮುಖ ನೋಡುವಾಗ ಕಣ್ಣು ಮೊದಲು ಬಾಯಿಗೇ ಹೋಗುತ್ತಿತ್ತು.

“ಓಡೋದಕ್ಕೇನೂ ತೊಂದರೆ ಇಲ್ಲ ಇದಕ್ಕೆ,” ಎಂದರು. “ನನಗೆ ಬೇಕಾಗಿರೋದು ಓಟ ಅಲ್ಲ, ತಂಪು.”

ಕಾರು ಅವರ ಅಪ್ಪನದಂತೆ. ಅವರು ಚಿಕ್ಕವರಿದ್ದಾಗ, ಬೇಸಿಗೆಯ ಮಧ್ಯಾಹ್ನ ನಿದ್ದೆ ಬಾರದೆ ಹಟ ಮಾಡಿದರೆ, ಅಪ್ಪ ಅವರನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ಏಸಿ ಹಚ್ಚಿ, ಊರೆಲ್ಲ ಸುಮ್ಮನೆ ಒಂದು ಸುತ್ತು ಹೊಡೆಯುತ್ತಿದ್ದರಂತೆ. ಈಗ ನಿದ್ದೆ ಅವರ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಮಾತ್ರೆ ಆಯಿತು, ಹಾಸಿಗೆ ಬದಲಾಯಿಸಿದ್ದಾಯಿತು, ಕೋಣೆ ಬದಲಾಯಿಸಿದ್ದಾಯಿತು. ಇನ್ನು ಉಳಿದಿರುವುದು ಆ ಸೀಟೊಂದೇ. ಏಸಿ ಕೆಟ್ಟು ಎಷ್ಟು ಕಾಲವಾಯಿತೋ ಅವರಿಗೂ ನೆನಪಿಲ್ಲ. ಬಹಳ ಜನ ಮೆಕ್ಯಾನಿಕ್ಕರು ಬಾನೆಟ್ ಎತ್ತಿ ನೋಡಿ, ಇಷ್ಟು ಹಳೇದಕ್ಕೆ ಕೈ ಹಾಕೋಲ್ಲ ಎಂದು ಹಾಗೇ ಮುಚ್ಚಿದ್ದರು.

ಇಂಥ ಪೂರ್ತಿ ಕೆಲಸವನ್ನು, ಅಂದರೆ ಎಲ್ಲವನ್ನೂ ಕಳಚಿ, ತೊಳೆದು, ಹೊಸ ಪೈಪು ಹಾಕಿ, ಹೊಸ ಗ್ಯಾಸು ತುಂಬುವ ಕೆಲಸವನ್ನು, ಅವಳು ಹೋದ ಮೇಲೆ ಅವರು ಒಪ್ಪಿಕೊಂಡಿರಲಿಲ್ಲ. ಯಾರಾದರೂ ತಂದರೆ ಇಬ್ಬರೂ ಒಟ್ಟಿಗೇ ಆಗದೆಂದು ತಲೆ ಅಲ್ಲಾಡಿಸುತ್ತಿದ್ದರು. ಅಂದು ಮಾವ ತಲೆ ಅಲ್ಲಾಡಿಸಲಿ ಎಂದು ಅಳಿಯ ಕಾದ. ಅಳಿಯ ಅಲ್ಲಾಡಿಸಲಿ ಎಂದು ಮಾವನೂ ಕಾದಂತಿತ್ತು. ಯಾರೂ ಅಲ್ಲಾಡಿಸಲಿಲ್ಲ. ಡಾಕ್ಟರಮ್ಮ ಅವರನ್ನೂ ಇವರನ್ನೂ ಸರದಿಯಂತೆ ನೋಡಿದರು.

“ನೀವಿಬ್ಬರೂ ಬಾಯಿ ಬಿಡೋದೇ ಇಲ್ಲವಲ್ಲ,” ಎಂದರು. “ನನ್ನ ಕುರ್ಚಿಯಲ್ಲಿ ಬಾಯಿ ತುಂಬ ಹತ್ತಿ ತುರುಕಿಸ್ಕೊಂಡು ಕೂತವರೇ ಇದಕ್ಕಿಂತ ಜಾಸ್ತಿ ಮಾತಾಡ್ತಿದ್ರು.”

ಮಾವನ ಮೀಸೆಯ ಒಂದು ತುದಿ ಸ್ವಲ್ಪ ಕದಲಿತು. ಒಪ್ಪಿಗೆ ಎಂದು ಡಾಕ್ಟರಮ್ಮ ಅರ್ಥಮಾಡಿಕೊಂಡು, ಕೀಲಿ ಬೆಂಚಿನ ಮೇಲಿಟ್ಟು ಹೋದರು.

ಅಳಿಯ ತಲೆ ಅಲ್ಲಾಡಿಸದೆ ಇದ್ದುದಕ್ಕೆ ಕಾರಣವಿತ್ತು. ಅವನು ಹೊರಟು ನಿಂತಿದ್ದ. ಸಮುದ್ರದ ದಂಡೆಯ ಇನ್ನೊಂದು ಊರಿನಲ್ಲಿ ಅವನ ಹಳೆಯ ಗೆಳೆಯನೊಬ್ಬ ಬಸ್ಸುಗಳ ಏಸಿ ಮಾಡುವ ದೊಡ್ಡ ವರ್ಕ್‌ಶಾಪು ಹಾಕಿದ್ದ. ಬಂದುಬಿಡು ಎಂದು ಕರೆದಿದ್ದ. ಅಳಿಯ, ಕೈಯಲ್ಲಿರುವ ಒಂದು ಕೆಲಸ ಮುಗಿಸಿ ಬರುತ್ತೇನೆ ಎಂದಿದ್ದ. ಆಗ ಕೈಯಲ್ಲಿ ಕೆಲಸವೇ ಇರಲಿಲ್ಲ. ಹೇಳಿದ ಮಾತಿಗೆ ಸರಿಯಾಗಿ ಕಾರು ಬಂದಿತ್ತು. ಇದೊಂದು ನೆಟ್ಟಗೆ ಮಾಡಿಕೊಟ್ಟು ಹೋದರೆ ಈ ಮನೆಯಿಂದ ತಲೆ ಎತ್ತಿ ಹೋಗಬಹುದು ಎಂದುಕೊಂಡ.

ಮಾವನಿಗೆ ಮಾತ್ರ ಹೇಳಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಹೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮಾವ ನೀರಿನ ಚೊಂಬು ಮುಂದೆ ಸರಿಸುತ್ತಿದ್ದರು. ಅವನು ನೀರು ಕುಡಿಯುತ್ತಿದ್ದ. ಮಾತು ನೀರಿನ ಜೊತೆ ಹೊಟ್ಟೆಗಿಳಿಯುತ್ತಿತ್ತು.

ಅವನನ್ನು ಕಾಡುತ್ತಿದ್ದುದು ಒಂದು ಪ್ರಶ್ನೆ. ಮಗಳೇ ಇಲ್ಲದ ಮೇಲೆ ಅಳಿಯ ಯಾರು? ಈ ಶೆಡ್ಡಿಗೆ ಅವನು ಬಂದದ್ದು ಕೆಲಸದವನಾಗಿ. ಮಾವ ಆಗ ಅವನನ್ನು ‘ಲೋ’ ಎನ್ನುತ್ತಿದ್ದರು. ಮದುವೆಯಾದ ಮರುದಿನ, ಕೈಗೆ ಗ್ರೀಸು ಮೆತ್ತಿಕೊಂಡೇ, ತುಂಬ ಗಂಭೀರವಾಗಿ, “ಅಳಿಯಂದಿರೇ, ಆ ಬಕೆಟ್ಟು ಎತ್ತಿಕೊಳ್ಳೋಣವಾಗಲಿ,” ಎಂದಿದ್ದರು. ಅವಳು ಬಿದ್ದು ಬಿದ್ದು ನಕ್ಕಿದ್ದಳು. ಅಂದಿನಿಂದ ಅದೇ ಕರೆಯುವ ಹೆಸರಾಗಿತ್ತು. ಅವಳು ಹೋದ ಮೇಲೆ ಮಾವ ಅವನನ್ನು ‘ಲೋ’ ಎಂದೂ ಕರೆಯಲಿಲ್ಲ, ‘ಅಳಿಯಂದಿರೇ’ ಎಂದೂ ಕರೆಯಲಿಲ್ಲ. ಹೆಸರಿಲ್ಲದ ಸಂಬಂಧವನ್ನು ಹಿಡಿದುಕೊಂಡು ಇನ್ನೊಬ್ಬರ ಮನೆಯಲ್ಲಿ ಎಷ್ಟು ದಿನ ಉಣ್ಣುವುದು?

ಕೆಲಸ ಶುರುವಾಯಿತು. ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿದ್ದ ಕಪ್ಪು ಪೆಟ್ಟಿಗೆಯನ್ನು ಅಳಿಯ ಕಳಚಿ ತೆಗೆದ. ಗಾಳಿ ತಣ್ಣಗಾಗುವ ಜಾಗ ಅದು. ಅದರೊಳಗೆ ಇಲಿ ಯಾವ ಕಾಲದಲ್ಲೋ ಸಂಸಾರ ಹೂಡಿ ಖಾಲಿ ಮಾಡಿಕೊಂಡು ಹೋಗಿತ್ತು. ಸೀಟಿನ ಹತ್ತಿ, ಒಣಗಿದ ಎಲೆ, ಚಾಕೊಲೇಟಿನ ಒಂದು ಬೆಳ್ಳಿ ಕಾಗದ. ಆ ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿದ. ಯಾವುದೋ ಮಗು ನಿದ್ದೆ ಹತ್ತುವ ಮೊದಲು ತಿಂದು ಕಿಂಡಿಯೊಳಗೆ ತುರುಕಿದ್ದಿರಬೇಕು. ಎಸೆಯಲು ಮನಸ್ಸಾಗದೆ ಕನ್ನಡಿಯ ಹಿಂದೆ ಸಿಕ್ಕಿಸಿದ.

ಪೈಪುಗಳು ಮುಟ್ಟಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತಿದ್ದವು. ಎಲ್ಲವನ್ನೂ ತೆಗೆದು ಹೊಸದಕ್ಕೆ ಅಳತೆ ಕೊಟ್ಟದ್ದಾಯಿತು. ಗ್ಯಾಸಿನ ಬಿಸಿಯನ್ನು ಹೊರಹಾಕುವ ಮುಂಭಾಗದ ಕೊಳವೆ ಜಾಲರಿಯನ್ನು ತೊಳೆದು ಬಿಸಿಲಿಗಿಟ್ಟದ್ದಾಯಿತು. ಕಂಪ್ರೆಸರನ್ನು ಮಾವ ತಮ್ಮ ಬೆಂಚಿಗೆ ಒಯ್ದರು. ಕಬ್ಬಿಣದ ಭಾರದ ಹಳೇ ಕಾಲದ ಕಂಪ್ರೆಸರು. ಇಡೀ ಏಸಿಗೆ ಗುಂಡಿಗೆ ಇದ್ದಂತೆ, ಗ್ಯಾಸನ್ನು ಒತ್ತಿ ಓಡಿಸುವುದು ಅದೇ. ಅದರ ಬೋಲ್ಟು ಬಿಚ್ಚುವಾಗ ಮಾವನ ಕೈ ನಡುಗುವುದನ್ನು ಅಳಿಯ ಓರೆಗಣ್ಣಿನಲ್ಲಿ ಕಂಡ. ಮೊದಲು ಈ ನಡುಕ ಇರಲಿಲ್ಲ. ಸಹಾಯಕ್ಕೆ ಎದ್ದ, ಮಾವ ಬೆನ್ನು ತಿರುಗಿಸಿ ಕೂತರು. ಅವನು ಸುಮ್ಮನೆ ಮತ್ತೆ ಕೂತ.

ಅವರು ಮೂವರಿದ್ದಾಗ ಶೆಡ್ಡಿಗೊಂದು ಪದ್ಧತಿ ಇತ್ತು. ಕಂಪ್ರೆಸರು ಮಾವನದು. ಪೈಪು, ಗ್ಯಾಸು ಅಳಿಯನದು. ನಡುವೆ ಆಯಿಲ್ ಹಾಕುವುದು ಅವಳದು. ಗೆರೆ ಕೊರೆದ ಒಂದು ಸಣ್ಣ ಗಾಜಿನ ಲೋಟವನ್ನು ಎಲ್ಲಿಂದಲೋ ತಂದಿದ್ದಳು. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಅಳೆಯುತ್ತಿದ್ದಳು. ಕಡಿಮೆ ಹಾಕಿದರೆ ಕಂಪ್ರೆಸರು ಅಳುತ್ತದೆ, ಜಾಸ್ತಿ ಹಾಕಿದರೆ ತಂಪು ಮುನಿಸಿಕೊಳ್ಳುತ್ತದೆ ಎನ್ನುವುದು ಅವಳ ಮಾತು. ಯಾವುದನ್ನೂ ಎಲ್ಲೂ ಬರೆದಿಡುತ್ತಿರಲಿಲ್ಲ. ತಂತಮ್ಮ ಕೆಲಸ ಮುಗಿದಾಗ ಕೂಗಿ ಹೇಳುವುದು, ಅಷ್ಟೇ. “ಬಿಗಿ ಆಯ್ತು,” ಎನ್ನುತ್ತಿದ್ದರು ಮಾವ. “ಆಯಿಲ್ ಆಯ್ತು,” ಎನ್ನುತ್ತಿದ್ದಳು ಅವಳು, ಶಾಲೆಯ ಗಂಟೆ ಬಾರಿಸಿದ ಹಾಗೆ. ಆಮೇಲೆ ಅವನು ಗ್ಯಾಸಿಗೆ ಕೈ ಹಾಕುತ್ತಿದ್ದ. ಆ ಕೂಗು ಕೇಳದೆ ಗ್ಯಾಸು ಮುಟ್ಟಿದವನಲ್ಲ.

ಈಗ ಪೈಪುಗಳು ಸಿದ್ಧವಾಗಿದ್ದವು. ಕಂಪ್ರೆಸರು ಬೆಂಚಿನ ಮೇಲೆ ಮುಚ್ಚಿಕೊಂಡು ಕೂತಿತ್ತು. ಮಾವ ಬಿಗಿ ಆಯಿತೆನ್ನಲಿಲ್ಲ, ಸ್ಪ್ಯಾನರನ್ನು ಮೊಳೆಗೆ ನೇತುಹಾಕಿದರು; ಅದೇ ಹೇಳಿದಂತೆ. ಅಳಿಯ ಶೆಡ್ಡಿನ ನಡುವೆ ನಿಂತ. ಮುಂದಿನ ಕೂಗು ಬರಬೇಕಾದ ಜಾಗದಲ್ಲಿ ಮಾಡಿನ ತಗಡು ಟಕ್ ಎಂದಿತು.

ಆಯಿಲ್ ಯಾರು ಹಾಕುವುದು? ಕೇಳಬೇಕಾದ ಮಾತು ಇಷ್ಟೇ. ಆದರೆ ಆ ಮಾತನ್ನು ಎತ್ತುವುದೆಂದರೆ ಅವಳನ್ನು ಎತ್ತಿದಂತೆ. ಮೇಲಿನ ಹಲಗೆಯ ಮೂಲೆಯಲ್ಲಿ ಅವಳ ಲೋಟ ಬೋರಲಾಗಿತ್ತು. ಎರಡು ಬೇಸಿಗೆಯ ಧೂಳು ಅದರ ಮೇಲೆ ಕೂತಿರುತ್ತದೆ ಎಂದು ಅವನಿಗೆ ನೋಡದೆಯೇ ಗೊತ್ತಿತ್ತು. ಅವನು ಅತ್ತ ನೋಡಲಿಲ್ಲ. ಮಾವ ಚಹಾ ಕುಡಿಯಲು ಮನೆಯೊಳಗೆ ಹೋದ ಹೊತ್ತು ನೋಡಿ, ಔಷಧದಂಗಡಿಯಿಂದ ತಂದ ದೊಡ್ಡ ಸಿರಿಂಜಿನಲ್ಲಿ ಪೂರಾ ಅಳತೆಯ ಆಯಿಲನ್ನು ಎಳೆದು, ಜೋಡಿಸಲಿದ್ದ ಪೈಪಿಗೂ ಮುಂದಿನ ಜಾಲರಿಗೂ ಹಂಚಿ ಹಾಕಿದ. ಕಂಪ್ರೆಸರು ತಿರುಗಿದಾಗ ಅದು ತಾನಾಗಿ ಎಲ್ಲ ಕಡೆ ಹೋಗುತ್ತದೆ. ಕೈ ಒರೆಸಿಕೊಂಡ. ಬಾಯಿಯವರೆಗೆ ಬಂದ ಎರಡು ಶಬ್ದಗಳನ್ನು ನುಂಗಿಕೊಂಡ. ಕಳ್ಳತನ ಮಾಡಿದಂತೆ ಅನ್ನಿಸಿತು.

ಗ್ಯಾಸು ತುಂಬುವ ಮೊದಲು ಪೈಪುಗಳ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ಹೊರಗೆ ಹಾಕಬೇಕು. ಒಳಗೆ ಏನೂ ಇಲ್ಲ ಎನ್ನುವಂತಾಗಬೇಕು. ಆಮೇಲೆ ಪಂಪು ನಿಲ್ಲಿಸಿ ಕಾಯಬೇಕು. ಆ ಏನೂ ಇಲ್ಲದ್ದು ಹಾಗೆಯೇ ನಿಂತರೆ ಪೈಪು ಗಟ್ಟಿ. ಗೇಜಿನ ಮುಳ್ಳು ಕದಲಿದರೆ ಎಲ್ಲೋ ಸೋರಿಕೆ. ಅಳಿಯನಿಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಅದು. ಕೈಗೆ ಕೆಲಸವಿಲ್ಲ, ಹೋಗಲಿಕ್ಕೂ ಆಗುವುದಿಲ್ಲ. ಒಂದು ಶೂನ್ಯಕ್ಕೆ ಕಾವಲು ಕೂರಬೇಕು.

ಗೇಜನ್ನು ಕಿಟಕಿಯ ಗಾಜಿಗೆ ಸಿಕ್ಕಿಸಿ ಅವನು ಹಿಂದಿನ ಸೀಟಿನಲ್ಲಿ ಕೂತ. ಕೂತವನು ಒರಗಿದ, ಒರಗಿದವನು ಮಲಗಿದ. ಸೀಟಿನ ಚರ್ಮಕ್ಕೆ ಹಳೆಯ ಪುಸ್ತಕದ ವಾಸನೆ. ತಗಡಿನ ಸಣ್ಣ ತೂತುಗಳಿಂದ ಇಳಿದ ಬಿಸಿಲಿನ ಕಡ್ಡಿಗಳು ಕಿಟಕಿಯಿಂದ ಹಾದು ಮುಂದಿನ ಸೀಟಿನ ಬೆನ್ನಿನ ಮೇಲೆ ನಾಣ್ಯ ಚೆಲ್ಲಿದಂತೆ ಕಂಡವು. ಅವು ನಿಧಾನವಾಗಿ ಸರಿಯತೊಡಗಿದವು, ಕಾರೇ ಹೊರಟಂತೆ. ಹೌದು, ಕಾರು ಹೊರಟಿತ್ತು. ಸ್ಟೀರಿಂಗಿನ ಮುಂದೆ ಯಾರೂ ಇರಲಿಲ್ಲ, ಅದು ಅವನಿಗೆ ವಿಚಿತ್ರವೆನಿಸಲೂ ಇಲ್ಲ. ಬೀದಿಯ ಮನೆಗಳು ನೀರಿನಲ್ಲಿ ನಿಂತಂತೆ ತಂಪಾಗಿ ತೂಗುತ್ತಿದ್ದವು. ಒಂದು ತಿರುವಿನಲ್ಲಿ ಅವಳು ನಿಂತಿದ್ದಳು, ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ. ಲೋಟದ ಮೂಲಕ ಅವನನ್ನು ನೋಡಿದಳು. ಏನೋ ಹೇಳಿದಳು, ಕಿಟಕಿ ಗಾಜು ಏರಿಸಿತ್ತು, ಕೇಳಲಿಲ್ಲ. ಗಾಜು ಇಳಿಸಲು ಹಿಡಿ ಹುಡುಕಿದ. ಹಿಡಿ ಇರಬೇಕಾದ ಜಾಗದಲ್ಲಿ ಗೇಜು ಇತ್ತು, ಅದರ ಮುಳ್ಳು ಕದಲದೆ ನಿಂತಿತ್ತು.

ಎಚ್ಚರವಾದಾಗ ಮುಳ್ಳು ಕದಲಿರಲಿಲ್ಲ. ಮಾವ ಮುಂದಿನ ಸೀಟಿನ ಬಾಗಿಲು ತೆರೆದು, ಕಾಲು ಹೊರಗಿಟ್ಟು ಕೂತಿದ್ದರು. ಅವನು ಮಲಗಿದಷ್ಟು ಹೊತ್ತು ಗೇಜನ್ನು ಅವರೇ ನೋಡಿಕೊಂಡಿದ್ದರು.

ಗ್ಯಾಸು ತುಂಬಿದ್ದಾಯಿತು. ಇಂಜಿನ್ನು ಹಚ್ಚಿದ್ದಾಯಿತು. ಕಂಪ್ರೆಸರು ಕಟಕ್ ಎಂದು ತಿರುಗತೊಡಗಿತು. ಇಬ್ಬರೂ ಒಟ್ಟಿಗೇ ಕಿಂಡಿಗೆ ಕೈ ಒಡ್ಡಿದರು. ಗಾಳಿ ಬಂತು. ಬಿಸಿಯಲ್ಲ. ತಣ್ಣಗೂ ಅಲ್ಲ. ಕಾದರು. ಮಾವ ಕಿಂಡಿಗೆ ಥರ್ಮಾಮೀಟರು ಸಿಕ್ಕಿಸಿದರು. ಅದು ಸ್ವಲ್ಪ ಇಳಿದು, ಇನ್ನು ಕೆಳಗೆ ಹೋಗಲು ಮನಸ್ಸಿಲ್ಲವೆಂಬಂತೆ ನಿಂತುಬಿಟ್ಟಿತು.

ಆಮೇಲಿನ ದಿನಗಳು ಹುಡುಕಾಟದಲ್ಲಿ ಕಳೆದವು. ಬೆಲ್ಟು ಬದಲಾಯಿಸಿದರು. ಫ್ಯಾನು ದೊಡ್ಡದು ಹಾಕಿದರು. ಗ್ಯಾಸು ತೆಗೆದು ಮತ್ತೆ ತುಂಬಿದರು. ಗೇಜಿನಲ್ಲಿ ದೊಡ್ಡ ತಪ್ಪೇನೂ ಕಾಣುತ್ತಿರಲಿಲ್ಲ, ತಂಪು ಮಾತ್ರ ಬರಲೊಲ್ಲದು. ಅಳಿಯ ತನ್ನ ಜೋಡಣೆಗಳನ್ನು ಒಂದೊಂದಾಗಿ ಸಾಬೂನಿನ ನೊರೆ ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಮಾವ ಏನನ್ನೂ ನೋಡುತ್ತಿರಲಿಲ್ಲ. ತಮ್ಮ ಎರಡು ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತಿರುತ್ತಿದ್ದರು. ಊಟ ಅರ್ಧಕ್ಕೆ ಬಿಡತೊಡಗಿದರು. ಒಂದು ದಿನ ತಮ್ಮ ಸ್ಪ್ಯಾನರುಗಳನ್ನೆಲ್ಲ ಮೊಳೆಗಳಿಂದ ಇಳಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಟ್ಟರು.

ಅಳಿಯನಿಗೆ ಅರ್ಥವಾಯಿತು. ಕಂಪ್ರೆಸರನ್ನು ತಾನು ಸರಿಯಾಗಿ ಕಟ್ಟಲಿಲ್ಲ, ತನ್ನ ಕೈ ಇನ್ನು ಮುಗಿಯಿತು ಎಂದು ಮಾವ ತೀರ್ಮಾನ ಮಾಡಿದ್ದಾರೆ. ಕಾರು ಹೀಗೇ ಇರುವಾಗ ಅಳಿಯ ಹೊರಟುಬಿಟ್ಟರೆ, ಈ ಶೆಡ್ಡಿನ ಬಾಗಿಲು ಮತ್ತೆ ತೆರೆಯುವುದಿಲ್ಲ. ಸಮುದ್ರದ ಊರಿನ ಗೆಳೆಯನಿಂದ ಎರಡು ಸಲ ಫೋನು ಬಂದಿತ್ತು. ಅಳಿಯ ಎರಡು ಸಲವೂ, ಇನ್ನೇನು ಹೊರಟೆ ಎಂದಿದ್ದ.

ಡಾಕ್ಟರಮ್ಮ ನೋಡಲು ಬಂದರು. ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಮಲಗಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತಿಗೆ ಎದ್ದು ಕೂತರು.

“ಬೇಸಿಗೇಲಿ ಉಗುರು ಬೆಚ್ಚಗಿನ ನೀರು ಕುಡಿದ ಹಾಗಿದೆ,” ಎಂದರು. “ಬಾಯಾರಿಕೆ ಹೋಗ್ಲಿಲ್ಲ, ಬೈಯೋಕೂ ಆಗಲ್ಲ.”

ಮಾವ ನೆಲ ನೋಡುತ್ತಿದ್ದರು. ಡಾಕ್ಟರಮ್ಮ ಅವರ ಮುಖವನ್ನು ಸ್ವಲ್ಪ ಹೊತ್ತು ಗಮನಿಸಿ ದನಿ ತಗ್ಗಿಸಿದರು. ತಮಗೆ ಅವಸರವಿಲ್ಲ, ನಿದ್ದೆ ಇಷ್ಟು ವರ್ಷ ಕಾದಿದೆ, ಇನ್ನಷ್ಟು ಕಾಯುತ್ತದೆ ಎಂದು ಹೇಳಿ, ಹಣೆ ಒರೆಸಿಕೊಂಡು, ಒಂದು ಲೋಟ ನೀರು ಕೇಳಿದರು.

ನೀರು ತರಲು ಅಳಿಯ ಮನೆಯೊಳಗೆ ಹೋಗಬೇಕಿತ್ತು. ಆದರೆ ಲೋಟ ಎಂಬ ಶಬ್ದ ಕಿವಿಗೆ ಬಿದ್ದಾಗ, ಎಷ್ಟೋ ದಿನಗಳಿಂದ ಅತ್ತ ತಿರುಗದ ಅವನ ಕಣ್ಣು ತಾನಾಗಿ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಧೂಳು ಹಿಡಿದ ಡಬ್ಬಿಗಳು, ಧೂಳು ಹಿಡಿದ ಒಂದು ಹಳೇ ಪುಲ್ಲಿ, ತಂತಿಯ ಸುರುಳಿ. ಅವುಗಳ ನಡುವೆ ಅವಳ ಗಾಜಿನ ಲೋಟ ಈಗ ತಾನೇ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅದರ ಕೆಳಗೆ ಮಡಚಿದ ಶುಭ್ರ ಬಟ್ಟೆ.

ಅವನು ಅಲ್ಲಿಯೇ ನಿಂತ. ಡಾಕ್ಟರಮ್ಮನಿಗೆ ನೀರು ತಂದುಕೊಟ್ಟದ್ದು, ಅವರು ಕುಡಿದು ಹೋದದ್ದು, ಯಾವುದೂ ಆಮೇಲೆ ಅವನಿಗೆ ಸರಿಯಾಗಿ ನೆನಪಿಗೆ ಬರಲಿಲ್ಲ. ನೆನಪಿರುವುದು ಇಷ್ಟೇ. ಮಾವ ಬೆಂಚಿನ ಮುಂದೆ ಕೂತಿದ್ದರು, ಅವನು ಎದುರಿಗೆ ಹೋಗಿ ನಿಂತ, ಗಂಟಲು ಸರಿಮಾಡಿಕೊಂಡ. ಮಾವ ಅಭ್ಯಾಸದಂತೆ ನೀರಿನ ಚೊಂಬು ಸರಿಸಿದರು. ಅವನು ಅದನ್ನು ಪಕ್ಕಕ್ಕಿಟ್ಟ.

“ಮಾವ, ಕಂಪ್ರೆಸರಿಗೆ ಆಯಿಲ್ ಹಾಕಿದ್ರಾ?”

ಮಾವ ತಲೆ ಎತ್ತಿದರು. ಅಷ್ಟು ಉದ್ದದ ಮಾತು ಆ ಶೆಡ್ಡಿನಲ್ಲಿ ಕೇಳಿ ಬಹಳ ಕಾಲವಾಗಿತ್ತು.

“ಹಾಕ್ದೆ,” ಎಂದರು. “ನೀನು ಪೈಪು ತರೋಕೆ ಹೋಗಿದ್ಯಲ್ಲ, ಆವಾಗ. ಮುಚ್ಚೋಕೆ ಮುಂಚೆ.”

“ಎಷ್ಟು?”

“ಅವಳು ಹಾಕೋವಷ್ಟು.” ಹೇಳಿದ ಮೇಲೆ, ಹೇಳಿದ್ದೇನೆಂದು ಅವರಿಗೆ ಕೇಳಿಸಿದಂತೆ ಸ್ವಲ್ಪ ತಡೆದರು. “ನಿನಗೆ ಆ ಲೋಟ ಮುಟ್ಟೋಕೆ ಕಷ್ಟ ಆಗುತ್ತೆ ಅಂತ, ನಾನೇ ಹಾಕಿಬಿಟ್ಟೆ.”

“ನಾನೂ ಹಾಕಿದೀನಿ ಮಾವ.”

“ಏನು?”

“ಆಯಿಲ್. ಪೈಪಿಗೆ. ಪೂರ್ತಿ ಅಳತೆ. ನಿಮ್ಮ ಕೈ ನಡುಗ್ತಿತ್ತು, ನಿಮಗೆ ಕಷ್ಟ ಆಗುತ್ತೆ ಅಂತ…”

ಮಾವ ಅವನನ್ನು ನೋಡಿದರು. ಕಾರನ್ನು ನೋಡಿದರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆಂದು ಅಳಿಯ ಹೆದರಿದ. ಅವರು ನಗುತ್ತಿದ್ದರು. ತುಕ್ಕು ಹಿಡಿದ ಬಾಗಿಲು ತೆರೆದಂತೆ ಮೊದಲು ಕಿರ್ರೆಂದು, ಆಮೇಲೆ ತಡೆಯಲಾರದೆ, ಬೆಂಚು ಹಿಡಿದುಕೊಂಡು ನಕ್ಕರು. ನಗುತ್ತ ಕಣ್ಣು ಒರೆಸಿಕೊಂಡರು, ಒರೆಸಿದಷ್ಟೂ ಕಣ್ಣು ತುಂಬುತ್ತಿತ್ತು. ಕೊನೆಗೆ ಯಾವುದು ಯಾವುದೆಂದು ಹೇಳಲು ಬರುವಂತಿರಲಿಲ್ಲ.

“ಅವಳಿದ್ದಿದ್ರೆ,” ಎಂದರು, “ಇಬ್ಬರ ಕಿವೀನೂ ಹಿಡಿದು ಹಿಂಡಿ ಆಯಿಲ್ ತೆಗೀತಿದ್ಲು.”

ಆಯಿಲ್ ಕಡಿಮೆಯಾದರೆ ಕಂಪ್ರೆಸರು ಸಾಯುತ್ತದೆ. ಜಾಸ್ತಿಯಾದರೆ ಏನೂ ಸಾಯುವುದಿಲ್ಲ. ಅದು ಪೈಪುಗಳ ಒಳಗೋಡೆಗೆ ಕಂಬಳಿಯ ಹಾಗೆ ಹೊದ್ದುಕೊಂಡು ಕೂರುತ್ತದೆ, ತಂಪು ಒಳಗೇ ಇರುತ್ತದೆ, ಹೊರಗೆ ಬರಲು ದಾರಿ ಸಿಗುವುದಿಲ್ಲ. ಇಬ್ಬರಿಗೂ ಕಸುಬಿನ ಮೊದಲ ಪಾಠದಷ್ಟು ಗೊತ್ತಿದ್ದ ಮಾತು. ಗೊತ್ತಿದ್ದೂ ಯಾರ ತಲೆಗೂ ಹೊಳೆದಿರಲಿಲ್ಲ, ಏಕೆಂದರೆ ತಾನು ಹಾಕಿದ ಅಳತೆ ಸರಿಯಾಗಿತ್ತು ಎನ್ನುವುದು ಇಬ್ಬರಿಗೂ ಖಾತ್ರಿಯಿತ್ತು.

ಸ್ಪ್ಯಾನರುಗಳು ಪೆಟ್ಟಿಗೆಯಿಂದ ಮತ್ತೆ ಹೊರಬಂದವು. ಗ್ಯಾಸನ್ನು ಸಿಲಿಂಡರಿಗೆ ಹಿಂದಕ್ಕೆಳೆದು, ಎಲ್ಲವನ್ನೂ ಕಳಚಿ, ಕಂಪ್ರೆಸರನ್ನು ಬೋರಲು ಹಾಕಿ, ಪೈಪುಗಳಿಗೆ ಗಾಳಿ ಊದಿ, ಒಳಗಿದ್ದುದನ್ನೆಲ್ಲ ಒಂದು ಪಾತ್ರೆಗೆ ಇಳಿಸಿದರು. ಕೆಲಸ ಅದೇ, ಕೈಗಳೂ ಅವೇ. ಆದರೆ ನಡುನಡುವೆ ಮಾತು ಬೀಳುತ್ತಿತ್ತು, ಮೊದಲ ಹನಿಗಳು ದೂರ ದೂರ ಬೀಳುವ ಹಾಗೆ. ಅವಳು ಒಮ್ಮೆ ಒಬ್ಬ ಗಿರಾಕಿಯ ಬಿಳಿ ಅಂಗಿಯ ಮೇಲೆ ಇಡೀ ಲೋಟ ಚೆಲ್ಲಿ, ಅವನೇ ಕ್ಷಮೆ ಕೇಳುವಂತೆ ಮಾಡಿದ್ದನ್ನು ಮಾವ ನೆನೆದರು. ಆ ಗಿರಾಕಿ ಆಮೇಲೂ ಅದೇ ಅಂಗಿ ಹಾಕಿಕೊಂಡು ಬರುತ್ತಿದ್ದ ಎಂದು ಅಳಿಯ ಹೇಳಿದ. ಅದು ಮಾವನಿಗೆ ಗೊತ್ತಿರಲಿಲ್ಲ. ಅವಳ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಇನ್ನೂ ಉಳಿದಿದೆ ಎನ್ನುವುದು ಅವರಿಗೆ ಹಬೆಯಾಡುವ ಊಟ ಸಿಕ್ಕಂತಾಯಿತು. ಮತ್ತೊಂದು ಹೇಳು ಎಂಬಂತೆ ನೋಡಿದರು.

ಹೊಸ ಆಯಿಲಿನ ಡಬ್ಬಿ ತೆರೆಯುವ ಹೊತ್ತಿಗೆ ಮಾವ ಹಲಗೆಯಿಂದ ಲೋಟ ಇಳಿಸಿದರು. ಅಳೆಯಲಿಲ್ಲ. ಶುಭ್ರ ಬಟ್ಟೆಯ ಸಮೇತ ಅಳಿಯನ ಕೈಯಲ್ಲಿಟ್ಟರು.

“ಇದು ಮುಗಿದ ಮೇಲೆ ನೀನೇ ಇಟ್ಕೋ. ಹೋಗುವಾಗ ತಗೊಂಡು ಹೋಗು. ಅಲ್ಲಿ ಬಸ್ಸಿನವರು ಕಣ್ಣಂದಾಜಿನಲ್ಲಿ ಸುರೀತಾರೆ.”

ಅಳಿಯ ಲೋಟದಿಂದ ಕಣ್ಣೆತ್ತಿದ. ನಿಮಗೆ ಯಾರು ಹೇಳಿದರು ಎಂದು ಕೇಳಿದ.

“ನಿನ್ನ ಗೆಳೆಯ ಮೊದಲು ಫೋನ್ ಮಾಡಿದ್ದು ನನಗೇ. ಕಳಿಸ್ಕೊಡ್ತೀರಾ ಅಂತ ಕೇಳ್ದ. ಕಳಿಸ್ತೀನಿ ಅಂದೆ.”

“ಯಾಕೆ ಹಾಗಂದ್ರಿ?”

“ಮತ್ತೇನನ್ಲಿ? ಇಲ್ಲೇ ಇರ್ತೀನಿ ಅಂತ ನೀನೇನು ಬಾಯಿ ಬಿಟ್ಟು ಹೇಳಿದ್ಯಾ?” ಮಾವ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು, ಅದು ಆಗಲೇ ತೆರೆದಿತ್ತು. “ವಯಸ್ಸಿನವನು. ನನ್ನ ಜೊತೆ ಕೂತು ಗೋಡೆ ನೋಡ್ತಾ ಇರು ಅಂತ ಯಾವ ಮುಖ ಇಟ್ಕೊಂಡು ಹೇಳೋದು? ಹೋಗೋಕೆ ಮುಂಚೆ ಒಂದು ಪೂರ್ತಿ ಕೆಲಸ ಜೊತೇಲಿ ಮಾಡೋಣ ಅಂತಷ್ಟೇ ಇತ್ತು. ಅದಕ್ಕೇ ಆವತ್ತು ತಲೆ ಅಲ್ಲಾಡಿಸ್ಲಿಲ್ಲ.”

ಅಳಿಯ ಬಟ್ಟೆಯನ್ನು ಬೆಂಚಿನ ಮೇಲಿಟ್ಟ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಮಾವ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಸಣ್ಣ ಧಾರೆಯಾಗಿ ಸುರಿದರು. ಆಯಿಲ್ ಗೆರೆಯ ಕಡೆ ಏರುತ್ತಿದ್ದಂತೆ ಅವನು ಒಂದು ಕಣ್ಣು ಮುಚ್ಚಿದ, ಉಸಿರು ಬಿಗಿಹಿಡಿದ. ಗಾಜಿನ ಆಚೆ ಮಾವನ ಮುಖ ಹೊನ್ನಿನ ಬಣ್ಣಕ್ಕೆ ತಿರುಗಿ, ದೊಡ್ಡದಾಗಿ, ನೀರಿನಲ್ಲಿದ್ದಂತೆ ತೂಗುತ್ತಿತ್ತು. ಗೆರೆ ಮುಟ್ಟಿತು. ಕಂಪ್ರೆಸರಿಗೆ ಹಾಕಿದ್ದಾಯಿತು.

ಮಾಡಿನ ತಗಡು ಸುಮ್ಮನಿತ್ತು.

“ಆಯಿಲ್ ಆಯ್ತು,” ಎಂದ ಅಳಿಯ. ಅವಳ ಹಾಗೆ ಗಂಟೆ ಬಾರಿಸಿದಂತೆ ಬರಲಿಲ್ಲ, ದನಿ ಅರ್ಧಕ್ಕೆ ಒಡೆಯಿತು. ಆದರೂ ಮಾವ ಸರಿ ಎಂದು ತಲೆದೂಗಿ ಸ್ಪ್ಯಾನರಿಗೆ ಕೈ ಚಾಚಿದರು.

ಕಾರು ಒಯ್ಯಲು ಡಾಕ್ಟರಮ್ಮ ಬಂದದ್ದು ಮತ್ತೊಂದು ಉರಿಬಿಸಿಲಿನ ಮಧ್ಯಾಹ್ನ. ಮೊದಲು ಒಂದು ಸುತ್ತು ಹೊಡೆದು ತೋರಿಸಿ ಎಂದು ಹಿಂದಿನ ಸೀಟಿನಲ್ಲಿ ಕೂತರು. ಕನ್ನಡಿಯ ಹಿಂದೆ ಸಿಕ್ಕಿಸಿದ್ದ ಬೆಳ್ಳಿ ಕಾಗದವನ್ನು ಅಳಿಯ ತೆಗೆದುಕೊಟ್ಟ. ಅವರು ಅದನ್ನು ಬೆರಳಲ್ಲಿ ಸವರಿ, ಹಲ್ಲು ಹಾಳು ಮಾಡಿಕೊಂಡಿದ್ದೇ ಹೀಗೆ ಎಂದು ತಮಗೆ ತಾವೇ ಹೇಳಿಕೊಂಡರು. ಅಳಿಯ ಸ್ಟೀರಿಂಗು ಹಿಡಿದ, ಮಾವ ಪಕ್ಕದಲ್ಲಿ ಕೂತರು.

ಮೊದಲ ಬೀದಿ ದಾಟುವಷ್ಟರಲ್ಲಿ ಕಿಂಡಿಗಳಿಂದ ತಂಪು ಇಳಿಯತೊಡಗಿತು. ಸದ್ದಿಲ್ಲದೆ, ನೆರಳು ಇಳಿಯುವ ಹಾಗೆ. ಹೊರಗೆ ಬೀದಿ ಬಿಳಿಬಿಳಿಯಾಗಿ ಉರಿಯುತ್ತಿತ್ತು. ಅಂಗಡಿಯವರು ಬಾಗಿಲಿಗೆ ಬಟ್ಟೆ ಇಳಿಬಿಟ್ಟು ಒಳಗೆ ಕೂತಿದ್ದರು. ಒಂದು ನಾಯಿ ನಲ್ಲಿಯ ಕೆಳಗಿನ ಒದ್ದೆ ಜಾಗದಲ್ಲಿ ಚಪ್ಪಟೆಯಾಗಿ ಮಲಗಿತ್ತು. ಗಾಜಿನ ಈಚೆಯಿಂದ ಎಲ್ಲವೂ ಬಹಳ ದೂರದ್ದೆನಿಸುತ್ತಿತ್ತು. ಡಾಕ್ಟರಮ್ಮ ಅಪ್ಪನ ಬಗ್ಗೆ ಏನೋ ಹೇಳಲು ಶುರುಮಾಡಿದರು. ವಾಕ್ಯ ಮುಗಿಯಲಿಲ್ಲ. ಅಳಿಯ ಕನ್ನಡಿಯಲ್ಲಿ ನೋಡಿದ. ಅವರು ಸೀಟಿನ ಮೇಲೆ ಮಗ್ಗುಲಾಗಿ, ಮೊಣಕಾಲು ಮಡಚಿ, ಬೆಳ್ಳಿ ಕಾಗದ ಮುಷ್ಟಿಯಲ್ಲಿ ಹಿಡಿದು ಮಲಗಿಬಿಟ್ಟಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

ಕಾರು ಶೆಡ್ಡಿನ ಮುಂದೆ ಬಂದಿತು. ಅಳಿಯ ನಿಲ್ಲಿಸಲಿಲ್ಲ, ನಿಧಾನ ಮಾಡಿದ.

“ಗೆಳೆಯನಿಗೆ ಫೋನ್ ಮಾಡ್ಬೇಕು,” ಎಂದ, ಹಿಂದೆ ಕೇಳದಂತೆ, ಪಿಸುದನಿಯಲ್ಲಿ.

“ಹೊರಟೆ ಅಂತಲಾ?” ಮಾವನೂ ಪಿಸುಗುಟ್ಟಿದರು. ಅವರ ಕಣ್ಣು ರಸ್ತೆಯ ಮೇಲಿತ್ತು.

“ಬರಲ್ಲ ಅಂತ.”

ಮಾವ ಕಿಂಡಿಗೆ ಕೈ ಒಡ್ಡಿದರು. ತಂಪಿನಲ್ಲಿ ಕೈ ನಡುಗುತ್ತಿತ್ತು, ಅದನ್ನು ಮುಚ್ಚಿಡಲು ಅವರು ಹೋಗಲಿಲ್ಲ.

“ಯಾವಾಗ ಮಾಡ್ತೀಯ?”

“ಡಾಕ್ಟರಮ್ಮ ಎದ್ದ ಮೇಲೆ.”

ಮಾವ ಹಿಂದೆ ತಿರುಗಿ, ಮಲಗಿದವರನ್ನು ನೋಡಿ, ಮ‌ತ್ತೆ ಮುಂದೆ ತಿರುಗಿ ನೆಟ್ಟಗೆ ಕೂತರು. ಮೀಸೆಯ ತುದಿ ಕದಲಿತು.

“ಹಾಗಾದ್ರೆ ಅಳಿಯಂದಿರೇ,” ಎಂದರು, ಎಂದಿಗಿಂತ ಮೆಲ್ಲಗೆ, “ಇನ್ನೊಂದು ಸುತ್ತು ಹೊಡೆಯೋಣವಾಗಲಿ.”